ಹೋದ ವರ್ಷದ ಬೆಲೆ

“ನಾಲ್ಕು ಮೊಳ, ಮೂರು ಬೆರಳು,” ಎಂದ ಮೇಸ್ತ್ರಿ, ಬೀರುವಿನ ಮೈಗೆ ಆನಿಸಿದ್ದ ಕೈಯನ್ನು ಇನ್ನೂ ತೆಗೆಯದೆ.

“ಹೋದ ಸಲ ನಾಲ್ಕು ಬೆರಳು ಅಂದಿದ್ದೆ,” ಎಂದರು ಟೀಚರಮ್ಮ, ಕುಳಿತ ಕುರ್ಚಿಯಿಂದಲೇ.

“ಬೀರು ಅದೇ ಟೀಚರಮ್ಮ. ಕೆಲಸ ಇಲ್ದೆ ಕೂತು ಕೂತು ನನ್ನ ಬೆರಳು ದಪ್ಪ ಆಗಿರ್ಬೇಕು.”

“ಲೆಕ್ಕ ತಪ್ಪೋದು, ಆಮೇಲೆ ಬೆರಳಿನ ಮೇಲೆ ಹಾಕೋದು. ಏಳನೇ ಕ್ಲಾಸಿನಿಂದ ನಿನಗೆ ಅದೇ ಅಭ್ಯಾಸ.”

ಮೇಸ್ತ್ರಿ ನಕ್ಕು, ಕಿವಿಯ ಮೇಲಿನ ಪೆನ್ಸಿಲನ್ನು ಇಳಿಸಿಕೊಂಡು ಪುಸ್ತಕದಲ್ಲಿ ಗುರುತು ಹಾಕಿದ. ಮನೆಯಿಂದ ಮನೆಗೆ ಸಾಮಾನು ಸಾಗಿಸುವ ಕೆಲಸದಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಅಳತೆಯ ಟೇಪನ್ನು ಅವನು ಎಂದೂ ನಂಬಿದವನಲ್ಲ. ಟೇಪು ಬೀರುವಿನ ಉದ್ದವನ್ನು ಹೇಳುತ್ತದೆ, ಆ ಬೀರು ಮೆಟ್ಟಿಲಿನ ತಿರುವಿನಲ್ಲಿ ಯಾರ ಮೊಣಕೈಗೆ ತಗಲುತ್ತದೆಂಬುದನ್ನು ಹೇಳುವುದಿಲ್ಲ ಎಂಬುದು ಅವನ ವಾದ. ಆದ್ದರಿಂದಲೇ ಊರೆಲ್ಲ ಅವನನ್ನು ಮೊಳದ ಮೇಸ್ತ್ರಿ ಎಂದು ಕರೆಯುತ್ತಿತ್ತು. ಅವನ ಹಳೆಯ ಲಾರಿಗೆ ಮಾತ್ರ ಹೆಸರಿಟ್ಟವನು ಅವನೇ. ಏರಿನಲ್ಲಿ ಏದುಸಿರು ಬಿಡುತ್ತಿದ್ದುದರಿಂದ ಅದು ಅಜ್ಜಿ.

ಸಾಮಾನನ್ನು ಅಳೆದು ಬಾಡಿಗೆ ಇಷ್ಟಾಗುತ್ತದೆಂದು ಹೇಳುವುದಕ್ಕೆ ಆ ಕಸುಬಿನಲ್ಲಿ ಯಾರೂ ಹಣ ಕೇಳುವುದಿಲ್ಲ. ಆ ಪದ್ಧತಿಯ ಪೂರ್ಣ ಪ್ರಯೋಜನವನ್ನು ಟೀಚರಮ್ಮ ಪಡೆದಿದ್ದರು. ಹತ್ತು ತಿಂಗಳಲ್ಲಿ ಇದು ಐದನೆಯ ಅಳತೆ. ಪ್ರತಿ ಸಲವೂ ಬೀರು, ಮಂಚ, ನಾಲ್ಕು ಕಪಾಟು ಪುಸ್ತಕ ಎಲ್ಲವೂ ಹೊರಡುವುದಕ್ಕೆ ಸಿದ್ಧವಾಗುತ್ತಿದ್ದವು, ಹೊರಡುತ್ತಿರಲಿಲ್ಲ.

ಕಾರಣ ಅವರೊಬ್ಬರದಾಗಿರಲಿಲ್ಲ. ಹತ್ತು ತಿಂಗಳ ಹಿಂದೆ ಬ್ಯಾಂಕುಗಳು ಮನೆಸಾಲದ ಬಡ್ಡಿಯನ್ನು ಎರಡು ಸಲ ಏರಿಸಿದ್ದವು. ಅದರ ಮರುವಾರವೇ ಮೇಸ್ತ್ರಿಯ ಫೋನು ಮೂಕವಾಯಿತು. ಅವನನ್ನು ಬೆರಗುಗೊಳಿಸಿದ್ದು ಬೇರೆಯೇ ಸಂಗತಿ. ಕೊಳ್ಳುವವರು ಕಡಿಮೆಯಾದರೆ ಬೆಲೆ ಇಳಿಯಬೇಕೆಂದು ಸಂತೆಯಲ್ಲಿ ತರಕಾರಿ ಕೊಂಡ ಯಾರಿಗಾದರೂ ಗೊತ್ತು. ಮನೆಗಳ ಬೆಲೆ ಇಳಿಯಲಿಲ್ಲ. ಗೇಟುಗಳ ಮೇಲೆ ತೂಗುತ್ತಿದ್ದ ಫಲಕಗಳಲ್ಲಿ ಅದೇ ಅಂಕಿಗಳು ಹಾಗೆಯೇ ಉಳಿದವು. ಅವನ್ನು ನಿಂತು ಓದುವವರು ಮಾತ್ರ ಇಲ್ಲವಾದರು. ಪತ್ರಿಕೆಗಳು ಬೆಲೆ ಸ್ಥಿರವಾಗಿದೆ ಎಂದು ಬರೆದವು. ಸ್ಥಿರವಾಗಿದ್ದದ್ದು ಬೆಲೆಯೊಂದೇ ಅಲ್ಲ, ಊರಿಗೆ ಊರೇ. ಬೆಲೆ ಏರಿದರೂ ಇಳಿದರೂ ಮೇಸ್ತ್ರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಜನ ಕದಲಬೇಕು, ಅಷ್ಟೆ. ಒಳ್ಳೆಯ ಕಾಲದಲ್ಲಿ ತಿಂಗಳಿಗೆ ಇಪ್ಪತ್ತಾರು ಮನೆ ಸಾಗಿಸಿದವನು, ಈ ತಿಂಗಳು ಸಾಗಿಸಿದ್ದು ಒಬ್ಬ ವಿದ್ಯಾರ್ಥಿಯ ಮಡಿಸುವ ಮಂಚ ಮತ್ತು ಎರಡು ಪೆಟ್ಟಿಗೆ. ಅವನ ನಾಲ್ವರು ಆಳುಗಳು ಚದುರಿಹೋಗಿದ್ದರು. ಮನೆ ಕೊಡಿಸುತ್ತಿದ್ದ ದಲ್ಲಾಳಿ ಫೋನು ರಿಪೇರಿ ಅಂಗಡಿ ತೆರೆದಿದ್ದ. ಬರುವ ಭಾನುವಾರ, ಇಟ್ಟಿಗೆ ಗೂಡಿನ ಯಜಮಾನ ಅಜ್ಜಿಯನ್ನು ಕೊಂಡುಕೊಳ್ಳಲು ಬರುವವನಿದ್ದ.

“ಈ ಸಲನಾದ್ರೂ ಹೊರಡ್ತೀರಾ ಟೀಚರಮ್ಮ?” ಎಂದು ಮೇಸ್ತ್ರಿ ಕೇಳಿದ.

“ಹೊರಡದೆ ಏನು? ನನ್ನ ಮಂಡಿ ಕೇಳು, ಅದೇ ಹೇಳತ್ತೆ. ಆದ್ರೆ ಬಿಟ್ಟಿ ಕೊಟ್ಟು ಹೋಗಕ್ಕಾಗತ್ತಾ? ಪಕ್ಕದ ಡಾಕ್ಟರ ಮನೆ ಹೋದ ವರ್ಷ ಎಷ್ಟಕ್ಕೆ ಹೋಯ್ತು ಅಂತ ನಿನಗೂ ಗೊತ್ತು. ಆ ಬೇಕರಿಯವನು ಬಂದ, ಹತ್ತರಲ್ಲಿ ಒಂದು ಪಾಲು ಕಡಿಮೆ ಕೇಳ್ದ. ‘ಕಾಲ ಬದಲಾಗಿದೆ ಟೀಚರೇ’ ಅಂತ ನನಗೇ ಪಾಠ. ಬಾಗಿಲು ತೋರಿಸ್ದೆ.”

“ಮತ್ತೆ ನೀವು ನೋಡಿಟ್ಟ ಮನೆ?”

“ಕನ್ನಡಕದಂಗಡಿಯವನದ್ದಾ? ಮೆಟ್ಟಿಲೇ ಇಲ್ಲದ ಮನೆ, ಹಿಂದೆ ನಾಲ್ಕು ಗಿಡ. ನನಗೆ ಅಂತಲೇ ಕಟ್ಟಿದ ಹಾಗಿದೆ. ಆದ್ರೆ ದುರಾಸೆ ನೋಡು! ಹೋದ ವರ್ಷದ ಬೆಲೆ ಹಿಡ್ಕೊಂಡು ಕೂತಿದ್ದಾನೆ. ಕಾಲ ಬದಲಾಗಿದೆ ಅನ್ನೋ ಪರಿಜ್ಞಾನ ಬೇಡ್ವಾ ಮನುಷ್ಯನಿಗೆ?”

ಮೇಸ್ತ್ರಿ ಪೆನ್ಸಿಲನ್ನು ಕಿವಿಯ ಮೇಲಿಡಲು ಹೋದವನು ಅರ್ಧಕ್ಕೇ ನಿಂತ. ಟೀಚರಮ್ಮನ ಮುಖವನ್ನು ಒಮ್ಮೆ ನೋಡಿದ. ಅಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

ಅವನನ್ನು ಕಳುಹಿಸಿ ಗೇಟು ಹಾಕಿಕೊಳ್ಳಲೆಂದು ಅವರೂ ಇಳಿದು ಬಂದರು. ಒಂದೊಂದು ಮೆಟ್ಟಿಲಿಗೂ ಎರಡೂ ಪಾದಗಳನ್ನು ಇಟ್ಟು, ಕಂಬಿಯನ್ನು ಬಿಗಿಯಾಗಿ ಹಿಡಿದು, ಹತ್ತೊಂಬತ್ತು ಮೆಟ್ಟಿಲು. ಅವನು ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅವರು ಇನ್ನೂ ಮೂರನೆಯ ಮೆಟ್ಟಿಲನ್ನು ಹತ್ತುತ್ತಿದ್ದರು.

ಆ ಸಂಜೆ ಮೇಸ್ತ್ರಿ ಮನೆಯ ಜಗಲಿಯಲ್ಲಿ ಪುಸ್ತಕ ತೆರೆದು ಕುಳಿತ. ಬೇಕರಿಯವನ ಮನೆಯನ್ನೂ ಅವನು ಅಳೆದಿದ್ದ, ಕನ್ನಡಕದವನ ಮನೆಯನ್ನೂ ಅಳೆದಿದ್ದ. ಎರಡೂ ಅದೇ ತಿಂಗಳು, ಎರಡೂ ಪುಕ್ಕಟೆ. ಅಳೆಯುವವನ ಮುಂದೆ ಜನ ಕ್ಷೌರಿಕನ ಮುಂದೆ ಆಡುವಂತೆಯೇ ಮಾತಾಡುತ್ತಾರೆ. ಎರಡು ಕೋಣೆಯ ಮನೆಯಲ್ಲಿ ಐವರು ಮಕ್ಕಳನ್ನು ಟ್ರೇಯಲ್ಲಿಟ್ಟ ಬನ್ನಿನಂತೆ ಸಾಲಾಗಿ ಮಲಗಿಸುತ್ತಿದ್ದ ಬೇಕರಿಯವನಿಗೆ ಟೀಚರಮ್ಮನ ದೊಡ್ಡ ಮನೆ ಬೇಕಾಗಿತ್ತು. ಬೇಕರಿಯವನ ಮನೆ ಇದ್ದದ್ದು ಕನ್ನಡಕದಂಗಡಿಯ ಬೆನ್ನಿಗೆ. ಅಂಗಡಿಯ ಹಿಂಬಾಗಿಲು ತೆರೆದರೆ ಅದರ ಅಡುಗೆಮನೆ. ಗಾಜು ಉಜ್ಜುವ ಕೆಲಸವೆಲ್ಲ ಕನ್ನಡಕದವನ ಹೆಂಡತಿಯದು. ಅವಳಿಗೆ ಈಗ ಏಳನೆಯ ತಿಂಗಳು. ಏರು ಬೀದಿಯಲ್ಲಿ ದಿನಕ್ಕೆರಡು ಬಾರಿ ನಡೆಯುವುದು ಕಷ್ಟವಾಗಿ, ಆ ಮನೆಯೇ ಬೇಕೆಂದು ಗಂಡನನ್ನು ಕಾಡುತ್ತಿದ್ದಳು. ಕನ್ನಡಕದವನದ್ದು ಟೀಚರಮ್ಮನಿಗೆ ಬೇಕಾಗಿತ್ತು.

“ಇಲ್ಲಿ ಕೇಳೇ,” ಎಂದು ಮೇಸ್ತ್ರಿ ತನ್ನ ಹೆಂಡತಿಯನ್ನು ಕೂಗಿದ. “ಮೂರು ಜನ. ಮೂವರೂ ಹೋದ ವರ್ಷದ ಬೆಲೆಗೆ ಮಾರ್ತೀವಿ ಅಂತಾರೆ. ಮೂವರೂ ಈ ವರ್ಷದ ಬೆಲೆಗೆ ಕೊಳ್ತೀವಿ ಅಂತಾರೆ. ಮೂವರೂ ಇನ್ನೊಬ್ಬರನ್ನ ದುರಾಸೆಯವರು ಅಂತಾರೆ. ಒಬ್ಬರ ಮಾತು ಒಬ್ಬರು ಕದ್ದ ಹಾಗಿದೆ!”

ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. “ಹೆತ್ತೋರಿಗೆ ಹೆಗ್ಗಣ ಮುದ್ದು. ಅದರಲ್ಲಿ ಹೊಸದೇನಿದೆ?”

“ಹೊಸದು ಏನಂದ್ರೆ, ಇವರಿಗೆ ಹೊರಗಿನವರು ಯಾರೂ ಬೇಕಾಗಿಲ್ಲ. ಇವರ ಮನೆ ಅವರಿಗೆ, ಅವರ ಮನೆ ಇವರಿಗೆ. ಬಳೆ ಹಾಗೆ, ತುದಿಯೇ ಇಲ್ಲ.”

“ಹಾಗಿದ್ರೆ ಹೋಗಿ ಹೇಳಿ.”

“ಹೇಳಿದ್ರೆ ಬರ್ತಾರಾ? ಒಬ್ಬರ ಮುಖ ಒಬ್ಬರು ನೋಡಲ್ಲ.”

ಅವಳು ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. “ಹೋದ ವರ್ಷದ ಬೆಲೆ ಕೊಡೋರು ಸಿಕ್ಕಿದ್ದಾರೆ ಅನ್ನಿ. ಓಡಿ ಬರ್ತಾರೆ.”

“ಸುಳ್ಳಾಗಲ್ವಾ?”

“ಅವರೆಲ್ಲ ಬಂದ ಮೇಲೆ ಸುಳ್ಳೋ ನಿಜಾನೋ ನೋಡ್ಕೊಂಡ್ರಾಯ್ತು. ನಮ್ಮ ಮದುವೆ ಆಗಿದ್ದೂ ಹಾಗೇ ಅಲ್ವಾ, ನಿಮಗೆ ಎರಡು ಲಾರಿ ಇದೆ ಅಂತ ಹೇಳಿ?”

ಶನಿವಾರ ಮಧ್ಯಾಹ್ನ ಮೂವರೂ ಲಾರಿಯ ಶೆಡ್ಡಿಗೆ ಬಂದರು. ಟೀಚರಮ್ಮ ಇಸ್ತ್ರಿ ಮಾಡಿದ ಸೀರೆಯಲ್ಲಿ, ಬೇಕರಿಯವನು ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ, ಕನ್ನಡಕದವನು ಹೆಂಡತಿಯೊಂದಿಗೆ, ಅವಳ ಹೆಗಲ ಚೀಲವನ್ನು ತಾನು ಹೊತ್ತು. ಮೂವರ ಮುಖದಲ್ಲೂ ಗೆದ್ದವರ ಕಳೆ ಇತ್ತು. ಒಬ್ಬರನ್ನೊಬ್ಬರು ಕಂಡೊಡನೆ ಅದು ಆರಿತು.

“ಇವರಿಗೇನು ಕೆಲಸ ಇಲ್ಲಿ?” ಎಂದರು ಟೀಚರಮ್ಮ.

ಮೇಸ್ತ್ರಿ ಗಂಟಲು ಸರಿಪಡಿಸಿಕೊಂಡ. “ನಾನು ಹೇಳಿದ್ದು ಹೋದ ವರ್ಷದ ಬೆಲೆ ಕೊಡೋರಿದ್ದಾರೆ ಅಂತ. ಇದ್ದಾರೆ. ಟೀಚರಮ್ಮ, ನಿಮ್ಮ ಮನೆಗೆ ಬೇಕರಿ ಅಣ್ಣ ಹೋದ ವರ್ಷದ ಬೆಲೆ ಕೊಡ್ತಾರೆ.”

“ನಾನಾ?” ಎಂದು ಬೇಕರಿಯವನು ಹೌಹಾರಿದ. “ಈ ಬಡ್ಡಿ ಕಾಲದಲ್ಲಿ?”

“ಕೊಡ್ತೀರಿ ಅಣ್ಣಾ. ಯಾಕಂದ್ರೆ ನಿಮ್ಮ ಮನೆಗೆ ಕನ್ನಡಕದವರು ಹೋದ ವರ್ಷದ ಬೆಲೆ ಕೊಡ್ತಾರೆ.”

“ಯಾರು ಹೇಳಿದ್ದು? ಆ ಎರಡು ಕೋಣೆಗಾ?” ಎಂದ ಕನ್ನಡಕದವನು.

“ಯಾಕೆ ಕೊಡಲ್ಲ? ನಿಮ್ಮ ಮನೆಗೆ ಟೀಚರಮ್ಮ ಹೋದ ವರ್ಷದ ಬೆಲೆ ಕೊಡ್ತಾರಲ್ಲ.”

“ನನಗೇನು ತಲೆ ಕೆಟ್ಟಿದೆಯೇನೋ?” ಎಂದು ಟೀಚರಮ್ಮ ಎದ್ದೇ ನಿಂತರು.

ಶೆಡ್ಡಿನ ತಗಡು ನಡುಗುವಷ್ಟು ಗದ್ದಲವಾಯಿತು. ಡಾಕ್ಟರ ಮನೆಯ ಮಾತು ಬಂತು. ಹೊಸದಾಗಿ ಹಾಕಿಸಿದ ನೆಲ, ತೇಗದ ಬಾಗಿಲು, ಹಿತ್ತಲಿನ ಬಾವಿ ಎಲ್ಲವೂ ಸಾಕ್ಷಿ ನುಡಿದವು. ದುರಾಸೆ ಎಂಬ ಮಾತು ಚೆಂಡಿನಂತೆ ಕೈಯಿಂದ ಕೈಗೆ ಹಾರಿತು. ಬೇಕರಿಯವನು ಕನ್ನಡಕದವನಿಗೆ, “ಊರಿಗೆಲ್ಲ ಕನ್ನಡಕ ಕೊಡ್ತೀಯ, ನಿನ್ನ ಮನೆ ಗೋಡೆ ಬಿರುಕು ಬಿಟ್ಟಿದ್ದು ಕಾಣಲ್ವಾ?” ಎಂದ. “ನಿಮ್ಮ ಬನ್ನಿನ ಹಾಗೆ ನಿಮ್ಮ ಬೆಲೆನೂ ಬರೀ ಗಾಳಿ,” ಎಂದು ಕನ್ನಡಕದವನು ತಿರುಗಿಸಿದ.

“ಸಾಕು ಸುಮ್ನಿರ್ರೀ!” ಎಂದಳು ಅವನ ಹೆಂಡತಿ. ಅವಳು ಮಗುಚಿದ ಪೆಟ್ಟಿಗೆಯೊಂದರ ಮೇಲೆ, ಸೊಂಟಕ್ಕೆ ಕೈಕೊಟ್ಟು ಕುಳಿತಿದ್ದಳು. “ಹೋದ ವರ್ಷ, ಹೋದ ವರ್ಷ! ಹೋದ ವರ್ಷ ಇವನು ಹೊಟ್ಟೆಯೊಳಗಿದ್ನಾ? ಹೋದ ವರ್ಷದ ಬೆಲೆ ಬಂದ್ರೆ ಹೋದ ವರ್ಷಕ್ಕೆ ವಾಪಸ್ ಹೋಗ್ತೀರಾ? ಯಾವುದೋ ಒಂದು ವರ್ಷ ಆರಿಸ್ಕೊಳ್ಳಿ. ಮಾರೋದಕ್ಕೂ ಅದೇ, ಕೊಳ್ಳೋದಕ್ಕೂ ಅದೇ.”

ಮೇಸ್ತ್ರಿ ಹೇಳಬೇಕೆಂದು ನಾಲ್ಕು ದಿನದಿಂದ ಕಟ್ಟಿಟ್ಟುಕೊಂಡಿದ್ದ ಮಾತು ಅದೇ. ಅವಳ ಬಾಯಲ್ಲಿ ಅದು ಅವನದಕ್ಕಿಂತ ಚೆನ್ನಾಗಿ ಬಂದಿದ್ದರಿಂದ ಅವನು ಸುಮ್ಮನಾದ.

ಟೀಚರಮ್ಮ ಪೆಟ್ಟಿಗೆಗಳ ಮೇಲೆ ಗುರುತು ಹಾಕಲು ಇಟ್ಟಿದ್ದ ಸೀಮೆಸುಣ್ಣವನ್ನು ಎತ್ತಿಕೊಂಡು ಅಜ್ಜಿಯ ಪಕ್ಕೆಯ ಮರದ ಹಲಗೆಯ ಬಳಿಗೆ ನಡೆದರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಆದರೂ ಹಲಗೆಯ ಮುಂದೆ ನಿಂತೊಡನೆ ಹಿಂದಿದ್ದ ಮೂವರು ದೊಡ್ಡ ಮನುಷ್ಯರು ತಾವಾಗಿ ಬಾಯಿ ಮುಚ್ಚಿದರು. ಎಡಗಡೆ ಹೋದ ವರ್ಷ, ಬಲಗಡೆ ಈ ವರ್ಷ. ಎರಡೂ ಕಡೆ ತಮ್ಮ ಮನೆಯ ಬೆಲೆಯನ್ನು ಬರೆದು ಕನ್ನಡಕದವನ ಮನೆಯ ಬೆಲೆಯನ್ನು ಕಳೆದರು. ಕೈಗೆ ಉಳಿಯುವ ಹಣ ಈ ವರ್ಷದ ಲೆಕ್ಕದಲ್ಲಿ ಸ್ವಲ್ಪ ಕಡಿಮೆ ಬಂತು. ಕನ್ನಡಕದವನಿಗೆ ಹೆಚ್ಚೂ ಕಡಿಮೆ ಏನೂ ವ್ಯತ್ಯಾಸವಿರಲಿಲ್ಲ. ಬೇಕರಿಯವನು ತೆಗೆಯಬೇಕಾದ ಸಾಲ ಸಣ್ಣದಾಯಿತು; ಅದನ್ನು ಕಂಡು ಅವನ ಮುಖ ಅರಳಿತು.

“ನಗಬೇಡ, ಇನ್ನೂ ಮುಗಿದಿಲ್ಲ,” ಎಂದು ಟೀಚರಮ್ಮ ತಿರುಗಿ ನೋಡದೆಯೇ ಹೇಳಿ, ಕೆಳಗೆ ಮತ್ತೊಂದು ಲೆಕ್ಕ ಹೂಡಿದರು. ಹತ್ತೊಂಬತ್ತು ಮೆಟ್ಟಿಲು. ದಿನಕ್ಕೆ ನಾಲ್ಕು ಸಲ ಹತ್ತಿ, ನಾಲ್ಕು ಸಲ ಇಳಿದರೆ ನೂರೈವತ್ತೆರಡು. ಬೆಲೆ ಬರಲೆಂದು ಕಾದ ದಿನಗಳು ಮುನ್ನೂರು. ಗುಣಿಸಿ, ಗೆರೆ ಎಳೆದು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

“ನಲವತ್ತೈದು ಸಾವಿರದ ಆರುನೂರು,” ಎಂದು ಮೇಸ್ತ್ರಿ ಮೆಲ್ಲನೆ ಓದಿದ.

“ಒಂದು ಬನ್ನಿಗೆ ಎಷ್ಟು ತಗೋತೀಯೋ?” ಎಂದು ಟೀಚರಮ್ಮ ಬೇಕರಿಯವನನ್ನು ಕೇಳಿದರು. ಅವನು ಹೇಳಿದ. ಈ ವರ್ಷದ ಲೆಕ್ಕದಲ್ಲಿ ಕಡಿಮೆ ಬಂದ ಹಣವನ್ನು ಅವರು ಮೆಟ್ಟಿಲುಗಳಿಂದ ಭಾಗಿಸಿ, ಬಂದದ್ದನ್ನು ಬನ್ನಿನ ಬೆಲೆಯಿಂದ ಭಾಗಿಸಿದರು. ಭಾಗಿಸಿ, ಸೀಮೆಸುಣ್ಣ ಕೆಳಗಿಟ್ಟು, ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡರು. ಅವರು ಅಳುತ್ತಿದ್ದಾರೆಂದು ಮೇಸ್ತ್ರಿ ಗಾಬರಿಯಾದ. ಭುಜಗಳು ಕುಲುಕುವುದನ್ನು ನೋಡಿದ ಮೇಲೆ ಅದು ನಗುವೆಂದು ತಿಳಿಯಿತು.

“ಮೆಟ್ಟಿಲಿಗೆ ಅರ್ಧ ಬನ್ನು! ಅರ್ಧ ಬನ್ನಿನ ಕೂಲಿಗೆ ಈ ಮಂಡಿ ಸವೆಸಿದ್ದೀನಿ ಕಣ್ರೋ! ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು!”

ಅವರ ಹಿಂದೆಯೇ ನಕ್ಕವಳು ಪೆಟ್ಟಿಗೆಯ ಮೇಲೆ ಕುಳಿತಿದ್ದವಳು. ಆಮೇಲೆ ಯಾರು ಯಾರನ್ನೂ ತಡೆಯಲಿಲ್ಲ. ನಗು ಇಳಿದ ಮೇಲೆ ಟೀಚರಮ್ಮ ಬಲಗಡೆಯ ಅಂಕಿಗಳ ಕೆಳಗೆ ಎರಡು ಗೆರೆ ಎಳೆದರು. “ಈ ವರ್ಷದ್ದೇ ಇರ್ಲಿ. ಆದ್ರೆ ಬೇಕರಿಯವನೇ, ದಿನಾ ಬೆಳಿಗ್ಗೆ ನನಗೆ ಅರ್ಧ ಬನ್ನು ಕಳಿಸ್ಬೇಕು.”

“ಪೂರ್ತಿ ಕಳಿಸ್ತೀನಿ ಟೀಚರೇ.”

“ಅರ್ಧ ಅಂದ್ರೆ ಅರ್ಧ. ಲೆಕ್ಕ ಲೆಕ್ಕವೇ.”

ಮರುದಿನ ಇಟ್ಟಿಗೆ ಗೂಡಿನ ಯಜಮಾನ ಬಂದ. ಲಾರಿಯ ಸುತ್ತ ಎರಡು ಸುತ್ತು ಹಾಕಿ, ಟೈರನ್ನು ಒದ್ದು, ಒಂದು ಬೆಲೆ ಹೇಳಿದ. ಮೇಸ್ತ್ರಿಯ ಎದೆಯಲ್ಲಿ ಎರಡು ಮಾತು ಹೊಯ್ದಾಡುತ್ತಿದ್ದವು. ಮೂರು ಮನೆಯ ಕಾಗದಪತ್ರ ಆಗಲು ಆರು ವಾರ ಬೇಕು. ಅಷ್ಟರಲ್ಲಿ ಮೂವರಲ್ಲಿ ಒಬ್ಬರ ಮನಸ್ಸು ತಿರುಗಿದರೂ ಬಳೆ ಒಡೆಯುತ್ತದೆ. ಆಗ ಕೆಲಸವೂ ಇಲ್ಲ, ಲಾರಿ ಕೊಳ್ಳುವವನೂ ಇಲ್ಲ. ಈಗಲೇ ಮಾರಿದರೆ ಆ ಮೂರು ಮನೆ ಸಾಗಿಸಲು ಲಾರಿಯೇ ಇಲ್ಲ. ಹೂಂ ಎನ್ನುವುದೋ ಊಹೂಂ ಎನ್ನುವುದೋ ತಿಳಿಯದೆ ಅವನು ಬಾಯಿಗೆ ಬಂದದ್ದನ್ನು ಹೇಳಿದ.

“ಹೋದ ವರ್ಷ ಇದೇ ಲಾರಿಗೆ ಒಬ್ಬರು ಇದರ ಒಂದೂವರೆಯಷ್ಟು ಕೇಳಿದ್ರು ಸ್ವಾಮಿ.”

ಒಳಗಿನಿಂದ ಹೆಂಡತಿ ಕಿಲಕಿಲನೆ ನಕ್ಕದ್ದು ಅಂಗಳದ ತನಕ ಕೇಳಿಸಿತು.

“ಹೋದ ವರ್ಷ ಹೋಗಾಯ್ತಲ್ರೀ,” ಎಂದ ಯಜಮಾನ. “ಮುಂದಿನ ತಿಂಗಳು ನೀವೇ ಬಂದ್ರೆ ಇನ್ನೂ ಕಡಿಮೆಗೆ ಕೇಳ್ತೀನಿ, ನೋಡ್ತಿರಿ.” ಹೊರಟೇಹೋದ.

ಮೇಸ್ತ್ರಿ ಬೆವರು ಒರೆಸಿಕೊಂಡ. “ಏನಂದ್ಬಿಟ್ಟೆನೇ ನಾನು?”

“ಎಲ್ಲರೂ ಅಂದಿದ್ದನ್ನೇ,” ಎಂದಳು ಹೆಂಡತಿ. “ಒಳ್ಳೇದೇ ಆಯ್ತು ಬಿಡಿ. ಇಟ್ಟಿಗೆ ಹೊರೋ ವಯಸ್ಸಾ ಅವಳದ್ದು?”

ಆರು ವಾರವೂ ಮೇಸ್ತ್ರಿಗೆ ಸರಿಯಾಗಿ ನಿದ್ರೆ ಹತ್ತಲಿಲ್ಲ. ದಿನಕ್ಕೊಂದು ನೆಪ ಮಾಡಿಕೊಂಡು ಮೂರು ಮನೆಗೂ ಹೋಗಿ, ಮತ್ತೊಮ್ಮೆ ಅಳೆಯುವ ನಟನೆ ಮಾಡಿ, ಮುಖ ನೋಡಿ ಬರುತ್ತಿದ್ದ. ಯಾರ ಮನಸ್ಸೂ ತಿರುಗಲಿಲ್ಲ. ಅದಕ್ಕೂ ಮಿಗಿಲಾದ ಇನ್ನೊಂದು ಸಂಗತಿ ನಡೆಯಿತು. ಮೂರು ಮನೆಗಳ ನೋಂದಣಿಯಾದ ಸುದ್ದಿ ಹರಡಿದೊಡನೆ ಟೀಚರಮ್ಮನ ಎದುರುಮನೆಯವರು, “ಎಷ್ಟಕ್ಕೆ ಕುದುರಿತು?” ಎಂದು ವಿಚಾರಿಸಿದರು. ಹನ್ನೊಂದು ತಿಂಗಳಿಂದ ಊರಿನಲ್ಲಿ ಯಾರಿಗೂ ಗೊತ್ತಿರದಿದ್ದದ್ದು ಅದೊಂದೇ: ಈ ವರ್ಷ ಒಂದು ಮನೆ ನಿಜವಾಗಿ ಎಷ್ಟಕ್ಕೆ ಹೋಗುತ್ತದೆ ಎಂಬುದು. ಅಂಕಿ ತಿಳಿದ ಮೇಲೆ ಕೆಲವರು ನಿಟ್ಟುಸಿರು ಬಿಟ್ಟರು, ಕೆಲವರು ಫಲಕ ತಿದ್ದಿದರು. ತಿದ್ದಿದ ಫಲಕಗಳ ಮುಂದೆ ಜನ ನಿಲ್ಲತೊಡಗಿದರು. ಮೇಸ್ತ್ರಿಯ ಫೋನು ಒಂದು ವಾರದಲ್ಲಿ ಒಂಬತ್ತು ಸಲ ರಿಂಗಾಯಿತು. ಒಂಬತ್ತನೆಯ ಕರೆ ಬಂದ ದಿನ ಅವನು ನಾಲ್ವರು ಆಳುಗಳನ್ನೂ ಹುಡುಕಿಕೊಂಡು ಹೊರಟ.

ಸಾಗಿಸುವ ದಿನ ಬಂತು. ಇಪ್ಪತ್ತೆರಡು ವರ್ಷದ ಅನುಭವಿಯ ತಪ್ಪು ಬಯಲಾದದ್ದು ಅಂದೇ. ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಅವನು ಹಿಂದಿನ ದಿನ ಮೂವರಿಗೂ ಹೇಳಿದ್ದ: “ಎಂಟು ಗಂಟೆಗೆ ಮನೆ ಖಾಲಿ ಇರ್ಲಿ.” ಸಾಮಾನ್ಯವಾಗಿ ಒಂದು ತುದಿಯಲ್ಲಿ ತುಂಬಿದ ಮನೆ, ಇನ್ನೊಂದು ತುದಿಯಲ್ಲಿ ಬರಿದಾದ ಮನೆ ಇರುತ್ತದೆ. ಬಳೆಗೆ ತುದಿಯಿಲ್ಲವೆಂದು ಹೆಂಡತಿಗೆ ತಾನೇ ಹೇಳಿದ್ದವನು, ಅದನ್ನು ಕೆಲಸದ ಹೊತ್ತಿಗೆ ಮರೆತಿದ್ದ. ಎಂಟು ಗಂಟೆಗೆ ಅಜ್ಜಿ ಏದುತ್ತ ಬೀದಿಗೆ ಬಂದಾಗ ಮೂರು ಮನೆಗಳ ಸಮಸ್ತ ಸಾಮಾನೂ ನೆರೆಯವರ ನೆರವಿನಿಂದ ಬೀದಿಯ ಉದ್ದಕ್ಕೂ ಹೊರಗೆ ಬಂದು ನಿಂತಿತ್ತು. ಮೇಲ್ಗಡೆ ಬೀರು ಮತ್ತು ಪುಸ್ತಕ, ತಿರುವಿನಲ್ಲಿ ಕನ್ನಡಕದ ಪೆಟ್ಟಿಗೆ ಮತ್ತು ಹೂಕುಂಡ, ಕೆಳಗಡೆ ಹಾಸಿಗೆಗಳ ರಾಶಿಯ ಮೇಲೆ ಐವರು ಮಕ್ಕಳು.

“ಏನಯ್ಯಾ ಇದು, ಊರೇ ಗುಳೆ ಹೊರಟ ಹಾಗಿದೆ!” ಎಂದು ಟೀಚರಮ್ಮ ಕೂಗಿದರು.

“ತಪ್ಪು ನಂದೇ ಟೀಚರಮ್ಮ!”

“ಏಳನೇ ಕ್ಲಾಸು!”

ಹತ್ತು ಗಂಟೆಯ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಕುರ್ಚಿಗಳನ್ನು ಲಾರಿಯ ಬಳಿಗೆ ಎಳೆದುಕೊಂಡು ಬಂದಿದ್ದರು. ಆ ಒಂದು ಗಳಿಗೆ ಅವರಲ್ಲಿ ಯಾರಿಗೂ ಮನೆ ಎಂಬುದಿರಲಿಲ್ಲ. ಹಳೆಯದು ಬಿಟ್ಟಾಗಿತ್ತು, ಹೊಸದು ಸೇರಿರಲಿಲ್ಲ. ಬೇಕರಿಯವನು ಬಿಸಿ ಬ್ರೆಡ್ಡನ್ನು ಮುರಿದು ಹಂಚಿದ. ಮಕ್ಕಳು ಟೀಚರಮ್ಮನ ಮಂಚದ ಮೇಲೆ ಕುಣಿದರು; ಟೀಚರಮ್ಮ ಬೈದರು, ಆಮೇಲೆ ಒಂದೊಂದು ಕುಣಿತಕ್ಕೂ ಮಗ್ಗಿ ಹೇಳಿಸಿದರು. ಎದುರುಮನೆಯವರು ಬಾಗಿಲಿಗೆ ಬಂದು, ಮೇಸ್ತ್ರಿಯನ್ನು ಕೈಸನ್ನೆಯಿಂದ ಕರೆದು, ತಮ್ಮ ಬೀರುವನ್ನೂ ಒಮ್ಮೆ ಅಳೆದುಹೋಗು ಎಂದರು.

ಅಳೆದು ಹೊರಗೆ ಬಂದು ಮೇಸ್ತ್ರಿ ಲಾರಿಯ ಮೇಲೆ ಹತ್ತಿ ಕುಳಿತ. ಬೀರು, ಮಂಚ, ಪುಸ್ತಕ ಎಲ್ಲವೂ ಏರಿದ್ದವು. ಆಳುಗಳು ಹಗ್ಗ ಬಿಗಿದು ಹಲಗೆಗೆ ಎರಡು ಏಟು ಕೊಟ್ಟು ಹೊರಡಬಹುದೆಂದು ಸೂಚಿಸಿದರು. ಕೀಲಿಗೆ ಕೈ ಹಾಕಿದವನು ಪಕ್ಕದ ಕನ್ನಡಿಯಲ್ಲಿ ಹಿಂದೆ ನೋಡಿದ. ಲಾರಿಯ ನೆರಳಿನಲ್ಲಿ, ಟೀಚರಮ್ಮನ ಬೆತ್ತದ ಆರಾಮಕುರ್ಚಿಯಲ್ಲಿ, ಕನ್ನಡಕದವನ ಹೆಂಡತಿ ಕಾಲು ಚಾಚಿ ನಿದ್ದೆ ಹೋಗಿದ್ದಳು. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದರಲ್ಲಿ ಕಚ್ಚಿದ ಬ್ರೆಡ್ಡಿನ ತುಂಡು. ಲಾರಿ ಕದಲಿದರೆ ಬಿಸಿಲು ನೇರ ಮುಖಕ್ಕೆ ಬೀಳುವಂತಿತ್ತು.

ಮೇಸ್ತ್ರಿ ಕೀಲಿಯಿಂದ ಕೈ ತೆಗೆದ. ಆಳುಗಳ ಕಡೆ ತಿರುಗಿ ತುಟಿಗೆ ಬೆರಳಿಟ್ಟ. ಅವರು ಹಗ್ಗದ ತುದಿಗಳನ್ನು ಸದ್ದಾಗದಂತೆ ಕೆಳಗಿಟ್ಟು, ಬೀದಿಯಲ್ಲಿ ಸಿಕ್ಕ ಕುರ್ಚಿಗಳ ಮೇಲೆ ಒಬ್ಬೊಬ್ಬರಾಗಿ ಕುಳಿತರು.